ಒತ್ತು ಮಹಾರಾಜರ ಮೇಲೆ

ಬಹಳ ಹಿಂದೆ, ಅಂದರೆ ಇಂದಿನವರು ಯಾರೂ ಮೈಮೇಲೆ ಎಳೆದುಕೊಳ್ಳಬೇಕಿಲ್ಲದಷ್ಟು ಹಿಂದೆ, ಘೋಷಪುರಿ ಎಂಬ ರಾಜ್ಯವಿತ್ತು. ಅದನ್ನಾಳುತ್ತಿದ್ದ ಉದ್ದಂಡವರ್ಮ ಮಹಾರಾಜರಿಗೆ ಒಂದೇ ಕೊರಗು: ಪ್ರಜೆಗಳು ದಿನವಿಡೀ ಮಾತಾಡುತ್ತಾರೆ, ಆದರೆ ಮಹಾರಾಜರ ಬಗ್ಗೆ ಅಲ್ಲ.

ಮೆಣಸು ಕೊಳ್ಳಲು ಬಂದ ಡಚ್ ವರ್ತಕನೊಬ್ಬ ರಾಜಭೋಜನದ ನಡುವೆ ತನ್ನ ಭಾಷೆಯ ವಿಷಯ ತೆಗೆದ. ಅವರಲ್ಲಿ ಹಲವು ಪದ ಸೇರಿಸಿ ಒಂದೇ ಉದ್ದದ ಪದ ಮಾಡುತ್ತಾರಂತೆ. ಬಿಡಿಸುವುದಾದರೆ ಬೆಸೆದ ಜಾಗದಲ್ಲೇ ಬಿಡಿಸಬೇಕಂತೆ. ದನಿಯ ಒತ್ತು ಸಾಮಾನ್ಯವಾಗಿ ಮೊದಲ ತುಂಡಿಗಂತೆ, ಉಳಿದವು ಮೆತ್ತಗೆ. ಮಹಾರಾಜರು ಅರ್ಧ ಹೋಳಿಗೆ ಬಿಟ್ಟು ಎದ್ದರು.

"ಪ್ರಭುಗಳೇ, ಮೊದಲ ತುಂಡು ತಾವು. ಉಳಿದದ್ದು ರಾಜ್ಯ," ಎಂದರು ಉಚ್ಚಾರಣಾ ಮಂತ್ರಿ ನಾದಭೂಷಣಯ್ಯ.

ಮರುದಿನವೇ ಸುತ್ತೋಲೆ ಹೊರಟಿತು. ಸಕಲ ವಸ್ತುಗಳ ಹೆಸರಿಗೂ ಮುಂದೆ 'ಮಹಾರಾಜ' ಬೆಸೆಯತಕ್ಕದ್ದು. ಆ ತುಂಡನ್ನು ಕೂಗತಕ್ಕದ್ದು, ಮಿಕ್ಕಿದ್ದನ್ನು ಪಿಸುಗುಟ್ಟತಕ್ಕದ್ದು. ತಪ್ಪಿದವರಿಗೆ ನಾಲಿಗೆ ತರಬೇತಿ ಶಿಬಿರ. ಬೀದಿಬೀದಿಗೂ ಟಾಸ್ಕ್ ಫೋರ್ಸ್. ಹಾಲಿನವನು 'ಮಹಾರಾಜ' ಎಂದು ಕೂಗಿ 'ಹಾಲು' ಎಂದು ಪಿಸುಗುಟ್ಟಿದರೆ ಹೆಂಗಸರು ಚೊಂಬಿನ ಬದಲು ಆರತಿ ತಟ್ಟೆ ಹಿಡಿದು ಬರುತ್ತಿದ್ದರು. ಪೈಲಟ್ ಯೋಜನೆ ಅಮೋಘ ಯಶಸ್ಸು ಎಂದು ಮಂತ್ರಿಗಳು ವರದಿ ಒಪ್ಪಿಸಿದರು.

ಒಂದು ಮಧ್ಯಾಹ್ನ ನೇಕಾರರ ಬೀದಿಯಲ್ಲಿ ಸುಂಕವ್ವನ ಮನೆಗೆ ಬೆಂಕಿ ಬಿತ್ತು. ಒಳಗಿದ್ದದ್ದು ಅವಳ ಅನ್ನದ ಮಗ್ಗ. ಗಂಡ ಆಗಲೇ ಶಿಬಿರದಲ್ಲಿದ್ದ, ಮೂಲೆಯಲ್ಲಿ ಟಾಸ್ಕ್ ಫೋರ್ಸ್ ನಿಂತಿತ್ತು. ಪಾಪ, ಅವಳು ನಿಯಮದಂತೆಯೇ 'ಮಹಾರಾಜ' ಎಂದು ಕಿರುಚಿ, 'ಬೆಂಕಿ' ಎಂದು ಪಿಸುಗುಟ್ಟಿದಳು. ಬೀದಿಗೆ ಬೀದಿಯೇ ದನಿಗೂಡಿಸಿತು. ಬೀದಿ ಕೊನೆಯ ಅಗ್ನಿಶಾಮಕ ಠಾಣೆಯಲ್ಲಿ ಸಿಬ್ಬಂದಿ ಎದ್ದು ಸೆಲ್ಯೂಟ್ ಹೊಡೆದು ನಿಂತರು.

ಕೊನೆಗೆ ಅವಳೇ ಅಲ್ಲಿಗೆ ಓಡಿದಳು.

"ಬೆಂಕಿ ಕಣಣ್ಣಾ, ಮಗ್ಗ ಸುಡ್ತಾ ಐತೆ."

ಠಾಣೆಯ ದಫೇದಾರ ನಾಗೋಜಿ ಸುತ್ತ ನೋಡಿದ. "ಸರಿಯಾಗಿ ಹೇಳವ್ವಾ. ಇಲ್ದಿದ್ರೆ ನಿನ್ನ ಜೊತೆ ನನ್ನೂ ಶಿಬಿರಕ್ಕೆ ಹಾಕ್ತಾರೆ."

ಅವಳು ಸರಿಯಾಗಿ ಹೇಳಿದಳು. ಅವರು ಮತ್ತೊಮ್ಮೆ ಸೆಲ್ಯೂಟ್ ಹೊಡೆದು, ಆಮೇಲೆ ಹೊರಟರು. ಅಷ್ಟರಲ್ಲಿ ಬೀದಿಯೇ ಬೂದಿಯಾಗಿತ್ತು. ಇದನ್ನು ಬರೆಯುವಾಗ ನನಗೆ ನಗು ಬರುವುದಿಲ್ಲ.

ಅರಮನೆಯ ಉಪ್ಪರಿಗೆಯಿಂದ ಆ ಕೂಗು ಕೇಳಿದ ಮಹಾರಾಜರ ಕಣ್ಣು ತುಂಬಿತ್ತು. "ಮನೆ ಸುಡುವಾಗಲೂ ನಮ್ಮನ್ನೇ ಕರೆದರಲ್ಲ," ಎಂದರು.

ನಾದಭೂಷಣಯ್ಯನವರಿಗೆ ರತ್ನಕಿರೀಟ ದೊರೆಯಿತು. ಬೂದಿ ಗುಡಿಸಿದ ಜಾಗದಲ್ಲಿ ಕಲ್ಲು ಹಾಸಿ ಭಕ್ತಿ ಮೈದಾನ ಮಾಡಿದರು. ಪ್ರತಿ ರಾಜೋತ್ಸವಕ್ಕೂ ನೇಕಾರರನ್ನು ಕರೆತಂದು, ಅಂದಿನ ಕೂಗನ್ನು ಅಂದಿನ ಹಾಗೆಯೇ ಕೂಗಿಸುತ್ತಿದ್ದರು. ಸುಂಕವ್ವನಿಗೆ ಮೊದಲ ಸಾಲಿನ ಗೌರವ. ಅವಳ ಅಡುಗೆಮನೆ ಇದ್ದದ್ದು ಸರಿಯಾಗಿ ಅಲ್ಲೇ.