ಐದು ಕಂಪನಿ, ನಾಲ್ಕು ನಿಂಬೆಹಣ್ಣು

ನನ್ನ ಭಾವನಿಗೆ ಮನೆದೇವರಿಗಿಂತ ಒಬ್ಬ ಸತ್ತ ಅಮೆರಿಕನ್ನನ ಮೇಲೆ ಭಕ್ತಿ ಹೆಚ್ಚು. ನೂರು ವರ್ಷದ ಹಿಂದೆ ಕಾರುಗಳ ವಿನ್ಯಾಸ ಮಾಡುತ್ತಿದ್ದ ಈ ಪುಣ್ಯಾತ್ಮ ಐದು ಕಂಪನಿಗಳಲ್ಲಿ ದುಡಿದ, ಐದೂ ಮುಚ್ಚಿಹೋದವು. ಕಾರುಗಳ ಮೂತಿಯ ಮೇಲೆಲ್ಲ ಮಾಲೀಕರ ಹೆಸರು; ಇವನದು ಎಲ್ಲೂ ಇಲ್ಲ. ಇಷ್ಟು ಸೊಗಸಾಗಿ ಸೋತವನಿಗೆ ಒಬ್ಬ ಭಕ್ತನಾದರೂ ಬೇಡವೇ?

ಅಮೆರಿಕದ ಮೆಕಿನ್ನಿ ಊರಿನ ಭಾವನ ಮನೆಗೆ ಊಟಕ್ಕೆ ಹೋದರೆ ಸಾರಿನ ಜೊತೆ ಮೊದಲ ಕಂಪನಿಯ ಕಥೆ, ಹುಳಿಯ ಜೊತೆ ಎರಡನೆಯದು. ಮಜ್ಜಿಗೆ ಬರುವಷ್ಟರಲ್ಲಿ ಐದನೆಯದೂ ಮುಳುಗಿರುತ್ತದೆ. ಅಕ್ಕನ ಮಗಳು ತಟ್ಟೆಯಿಂದ ತಲೆ ಎತ್ತದೆ, "ಡ್ಯಾಡ್, ಹಿ ನೀಡೆಡ್ ಎ ಬೆಟರ್ ರೆಸ್ಯೂಮೆ" ಎನ್ನುತ್ತಾಳೆ.

ಆ ಮಹಾನುಭಾವನ ಕಾರೊಂದನ್ನು ಭಾವ ಟೇಲರ್ ಎಂಬ ಊರಿನ ಯಾರದೋ ಶೆಡ್ಡಿನಿಂದ ಟ್ರಕ್ಕಿನ ಮೇಲೆ ಹೊತ್ತು ತಂದರು. ಹೊತ್ತು ಎಂದೆ, ಏಕೆಂದರೆ ಅದು ಓಡುವುದಿಲ್ಲ. ಪ್ರತಿ ಶನಿವಾರ ಅದಕ್ಕೆ ಸ್ನಾನ. ಆಯುಧಪೂಜೆಗೆ ಚಕ್ರದಡಿ ನಾಲ್ಕು ನಿಂಬೆಹಣ್ಣು. ಬೇರೆಯವರ ಮನೆಯಲ್ಲಿ ಕಾರು ಅವನ್ನು ತುಳಿದು ಮುಂದೆ ಹೋಗುತ್ತದೆ. ಇಲ್ಲಿ ರೇಷ್ಮೆ ಸೀರೆಯುಟ್ಟ ನಾವು ಹಿಂದಿನಿಂದ ತಳ್ಳುತ್ತೇವೆ.

"ತಳ್ಳಿದ್ರೂ ಪೂಜೆ ಆದಂಗಾ ಭಾವ?" ಎಂದು ಒಮ್ಮೆ ಕೇಳಿದೆ.

"ಯಾರು ತಳ್ಳಿದ್ರು ಅಂತ ನಿಂಬೆಹಣ್ಣಿಗೆ ಏನಮ್ಮ ಗೊತ್ತಾಗತ್ತೆ?"

ಈ ವರ್ಷ ಬಡಾವಣೆಯ ಸಂಘದಿಂದ ಕಾಗದ ಬಂತು. ಓಡದ ಗಾಡಿ ಮನೆ ಮುಂದೆ ನಿಲ್ಲಕೂಡದು. ತಾನಾಗಿ ಚಲಿಸಿ ತೋರಿಸಬೇಕು, ಇಲ್ಲವಾದರೆ ಗುಜರಿಗೆ. ಭಾವ ತಿಂಗಳಿಡೀ ಆ ಕಾರಿನ ಕೆಳಗೇ ಮಲಗಿದ್ದರು. ಪರೀಕ್ಷೆಗೆ ಅವರು ಆರಿಸಿದ್ದು ಆಯುಧಪೂಜೆಯ ದಿನವನ್ನೇ! ನೋಡಲು ಬಂದ ಸಂಘದವನು ಕೈಕಟ್ಟಿ ನಿಂತ. ಅವನ ಹಣೆಗೂ ಅಕ್ಕ ಕುಂಕುಮ ಇಟ್ಟಳು. ಭಾವ ಮುಂದಿನ ಹ್ಯಾಂಡಲ್ಲನ್ನು ಹತ್ತು ಸಲ ತಿರುಗಿಸಿದರು. ಹನ್ನೊಂದನೆಯ ಸಲಕ್ಕೆ ಎಂಜಿನ್ ಕೆಮ್ಮಿತು, ಭಾವ ಓಡಿ ಹತ್ತಿದರು. ಕಾರು ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಎರಡು ಗೇಣು ಮುಂದೆ ಹೋಗಿ ನಿಂತೇಬಿಟ್ಟಿತು. ಸಂಘದವನು "ಇಟ್ ಮೂವ್ಡ್" ಎಂದು ಬರೆದುಕೊಂಡು ಕೋಸಂಬರಿಗೆ ಕೈ ಚಾಚಿದ.

ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದರೆ, ಭಾವ ಕಲಸಿಟ್ಟ ಕುಂಕುಮಕ್ಕೆ ಬೆರಳದ್ದಿ ಕಾರಿನ ಮೂತಿಯ ಮೇಲೆ ಆ ಸತ್ತವನ ಹೆಸರು ಬರೆದರು. ಅಕ್ಕ ಬಗ್ಗಿ ಅದನ್ನು ಓದಿದಳು.

"ಇಪ್ಪತ್ತು ವರ್ಷದಿಂದ ಫೋನುಗಳಿಗೆ ಚಿಪ್ ಡಿಸೈನ್ ಮಾಡ್ತಿದ್ದೀರಲ್ಲ ರೀ, ಒಂದರ ಮೇಲಾದ್ರೂ ನಿಮ್ಮ ಹೆಸರಿದೆಯಾ?"

ಅಕ್ಕ ತಾನೇ ಅದರ ಕೆಳಗೆ ಭಾವನ ಹೆಸರು ಬರೆದಳು, ವಕ್ರವಕ್ರವಾಗಿ. ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅದಾದ ಮೇಲೆ ಎಷ್ಟೋ ಶನಿವಾರಗಳು ಕಳೆದಿವೆ. ಭಾವ ಆ ಕಾರಿಗೆ ಇನ್ನೂ ಸ್ನಾನ ಮಾಡಿಸಿಲ್ಲ.