ಅಮ್ಮ ಹಚ್ಚಿದ ಗೋರಂಟಿ

ಸಂತೋಷ ತಡೆಯಲಾಗದಿದ್ದರೂ ಅಳು ಬರುತ್ತದೆ ಎಂಬುದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು. ನನ್ನ ಮೊಮ್ಮಗಳು ಗಿರಿಜಾ ಬದುಕಿದ್ದಾಳೆ. ಇದನ್ನು ಹಾಲಿಗೆ ಬರುವವರಿಗೆಲ್ಲ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಹೇಳಿದ್ದೇನೆ. ಗುರುತಿಲ್ಲದ ಒಬ್ಬಾಕೆ, "ಭಾಳ ಚಲೋ ಆತು ಬಿಡವ್ವ, ಮತ್ಯಾಕ ಅಳತಿ?" ಎಂದು ಕೇಳಿದಳು. ಉತ್ತರ ಹೇಳಬೇಕೆನ್ನುವಷ್ಟರಲ್ಲಿ ಹೊಸಪೇಟೆ ಬಂತು, ಅವಳು ಇಳಿದು ಹೋದಳು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯಲು ಕುಳಿತರೆ ಅಕ್ಷರಕ್ಕಿಂತ ಕಣ್ಣೀರೇ ಮುಂದೆ ಓಡುತ್ತದೆ. ಆದರೂ ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮದು ಬುಕ್ಕಸಾಗರ. ಡ್ಯಾಮಿನ ನೀರು ಕಾಲುವೆಗೆ ಬಂದ ಮೇಲೆ ನಮಗೆ ಯಾವುದಕ್ಕೂ ಕಡಿಮೆಯಾಗಲಿಲ್ಲ. ಗದ್ದೆ ತುಂಬ ಬತ್ತ, ಬದುವಿನ ತುಂಬ ಹಸಿ ಹುಲ್ಲು, ಹುಲ್ಲಿಗೆ ತಕ್ಕ ಎಮ್ಮೆ, ಎಮ್ಮೆಗೆ ತಕ್ಕ ಉಣ್ಣಿ. ಊರಿಗೆ ಸುಖ ಬಂದರೆ ಅದರಲ್ಲಿ ರಕ್ತ ಹೀರುವವಕ್ಕೂ ಒಂದು ಪಾಲು ಇದ್ದೇ ಇರುತ್ತದೆ. ಮಧ್ಯಾಹ್ನ ಉಂಡು, ಎಲೆಯಡಿಕೆ ಹಾಕಿಕೊಂಡು, ನಾಯಿ ಕೆಂಚನನ್ನು ಕಾಲಿನ ಮೇಲೆ ಮಲಗಿಸಿಕೊಂಡು ಅದರ ಕಿವಿಯಿಂದ ಉಣ್ಣಿ ಕೀಳುವುದು ನನ್ನ ಕೆಲಸ. ಕಿತ್ತದ್ದನ್ನು ಉಗುರಿನಿಂದ ಟಪ್ಪೆಂದು ಒಡೆಯಬೇಕು. ಬರದೆ ಹಟ ಮಾಡಿದರೆ ಒಂದು ಹನಿ ಸೀಮೆಎಣ್ಣೆ. ಗಿರಿಜಾ ನನ್ನ ಬೆನ್ನಿಗೆ ಜೋತುಬಿದ್ದು, "ಅಲ್ಲೊಂದೈತಿ ನೋಡಜ್ಜಿ" ಎಂದು ತೋರಿಸುತ್ತಿದ್ದಳು. ಇದನ್ನು ನಾವಿಬ್ಬರೂ ದೊಡ್ಡ ಸಂಸಾರವೆಂದೇ ತಿಳಿದಿದ್ದೆವು.

ಬೇಸಿಗೆಯಲ್ಲಿ ಅವಳಿಗೆ ಮೈ ಸುಡತೊಡಗಿತು. ತಲೆ ಎತ್ತಲಾರಳು. ಆಮೇಲೆ ಮಣಿಕಟ್ಟಿನಲ್ಲಿ, ಕಾಲಿನ ಗಂಟಿನಲ್ಲಿ ಕೆಂಪು ಚುಕ್ಕೆಗಳೆದ್ದವು. ಮನೆಗೆ ಹಿರಿಯಳು ನಾನೇ. "ಅಮ್ಮ ಬಂದಾಳ" ಎಂದು ಸಾರಿದೆ. ಬಾಗಿಲಿಗೆ ಬೇವು ಕಟ್ಟಿಸಿದೆ. ದೇವಿ ಮೈಮೇಲಿರುವಾಗ ಮನೆಯಲ್ಲಿ ಒಗ್ಗರಣೆಯ ಚುಂಯ್ ಸದ್ದು ಕೇಳಬಾರದು, ಸೂಜಿ ಚುಚ್ಚಬಾರದು, ಔಷಧ ಕುಡಿಸಬಾರದು. ನನ್ನ ಮಗ ಬಸವರಾಜ ತಟ್ಟೆಯಲ್ಲಿನ ಸಪ್ಪೆ ಊಟ ನೋಡಿ, "ಬ್ಯಾನಿ ಆಕಿಗೋ ನನಗೋ?" ಎಂದ. "ಬಾಯಿ ಮುಚ್ಚಿಕೊಂಡು ಉಣ್ಣಲೇ, ಅಮ್ಮ ಕೇಳಿಸಿಕೊಂತಾಳ" ಎಂದು ಗದರಿದೆ. ಸೊಸೆ ಸಾವಿತ್ರಿ ಮಾತ್ರ ಉಣ್ಣಲೂ ಇಲ್ಲ, ನಗಲೂ ಇಲ್ಲ. "ಅತ್ತಿ, ಹೊಸಪ್ಯಾಟಿ ದವಾಖಾನಿಗೆ ಹೋಗೂಣು" ಎಂದು ಒಂದೇ ಸಮ ಕೇಳುತ್ತಿದ್ದಳು. ನಾನು "ಇನ್ನೊಂದಿನ ನೋಡೂಣು" ಎನ್ನುತ್ತಿದ್ದೆ.

ಚುಕ್ಕೆ ಅಂಗೈಗೆ, ಅಂಗಾಲಿಗೆ ಇಳಿಯಿತು. ಪಕ್ಕದ ಮನೆಯ ತಿಪ್ಪವ್ವ ಬಂದು ಹುಡುಗಿಯ ಕೈ ಬಿಡಿಸಿ ನೋಡಿ, "ಅಯ್ಯ, ಅಮ್ಮ ಗೋರಂಟಿ ಹಚ್ಯಾಳ! ನಿಮ್ಮ ಮನಿ ಮ್ಯಾಲ ಎಷ್ಟು ಪ್ರೀತಿ ಆಕಿಗೆ" ಎಂದಳು.

ನಾನು ಹುಡುಗಿಯ ಬೆರಳು ಮಡಚಿ ಅಂಗೈ ಮುಚ್ಚಿದೆ. ಗಿರಿಜಾಳ ಅಪ್ಪನಿಗಿಂತ ಮೊದಲು ನನಗೆ ಒಬ್ಬ ಮಗಳು ಹುಟ್ಟಿದ್ದಳು, ಶಾಂತಾ. ಅವಳ ಅಂಗೈ ಕೆಂಪಾದಾಗಲೂ ಊರಿನ ಹೆಂಗಸರು ಇದೇ ಮಾತು ಹೇಳಿದ್ದರು. ನಾನು ಹಿಗ್ಗಿದ್ದೆ ಕೂಡ. ನನ್ನಂಥ ಬಡವಿಯ ಮಗಳಿಗೆ ದೇವಿಯೇ ಬಂದು ಗೋರಂಟಿ ಹಚ್ಚಿದಳಲ್ಲ ಎಂದು. ಗೋರಂಟಿ ಹಚ್ಚಿದವಳು ಶಾಂತಾಳನ್ನು ಕರೆದುಕೊಂಡೇ ಹೋದಳು.

"ಅತ್ತಿ, ಅಮ್ಮ ನಿಮ್ಮನ್ನ ಬೈದರ ನನ್ನ ಹೆಸರು ಹೇಳಿಬಿಡ್ರಿ" ಎನ್ನುತ್ತ ಸಾವಿತ್ರಿ ಮಗುವನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ನಾನು ಹೋಗು ಎನ್ನಲಿಲ್ಲ, ಬ್ಯಾಡ ಎನ್ನಲೂ ಇಲ್ಲ. ಆದರೆ ಅವಳಿಗಿಂತ ಮುಂಚೆ ಬಸ್ಸು ಹತ್ತಿ ಕುಳಿತವಳು ನಾನೇ. ಕೈಯಲ್ಲಿ ಒಂದು ಹಿಡಿ ಬೇವಿತ್ತು. ಇತ್ತ ದೇವಿಯನ್ನೂ ಅತ್ತ ಡಾಕ್ಟರನ್ನೂ ಬಿಟ್ಟುಕೊಡದ ಹಾಗೆ.

ಡಾಕ್ಟರು, "ಜ್ವರ ಎಂದಿನಿಂದ?" ಎಂದರು.

"ಜ್ವರ ಅನಬ್ಯಾಡ್ರಿ, ಅಮ್ಮಗ ಸಿಟ್ಟು ಬರತೈತಿ" ಎಂದೆ.

"ಆತು ಬಿಡ್ರಿ. ಅಮ್ಮ ಎಂದು ಬಂದ್ಲು?"

ಅವರು ಅಂಗೈ ನೋಡಿದರು, ಅಂಗಾಲು ನೋಡಿದರು. "ಅಮ್ಮ ಆದ್ರ ನೀರುಗುಳ್ಳಿ ಏಳಬೇಕಲ್ಲ? ಇವು ಬರೇ ಚುಕ್ಕಿ" ಎಂದು ಕಂಕುಳು, ಕತ್ತು, ಕೂದಲೆಲ್ಲ ತಡಕಿದರು. ಕಿವಿಯ ಹಿಂದೆ, ಕೂದಲಿನ ಮರೆಯಲ್ಲಿ, ಊದಿನಕಡ್ಡಿ ತಾಗಿ ಸುಟ್ಟಂಥ ಕರಿಯ ಹಕ್ಕಳೆ ಸಿಕ್ಕಿತು.

"ಮನ್ಯಾಗ ನಾಯಿ ಐತೇನು?"

"ಐತ್ರಿ. ದಿನಾ ನಾನ ಉಣ್ಣಿ ಕೀಳತೀನ್ರಿ. ಒಂದೂ ಬಿಡಂಗಿಲ್ಲ" ಎಂದೆ, ಅಂಥ ಹೊತ್ತಿನಲ್ಲೂ ಹೆಮ್ಮೆಯಿಂದ.

"ಒಂದು ಬಿಟ್ಟೀರಿ ನೋಡ್ರಿ" ಎಂದರು. "ಇದು ಉಣ್ಣಿ ಕಡಿದು ಬರೋ ಜ್ವರ. ರಕ್ತ ಪರೀಕ್ಷಿಗೆ ಕಳಸತೀನಿ, ಆದ್ರ ಅದು ಬರೋತನಕ ಕಾಯಂಗಿಲ್ಲ. ಔಷಧ ಈಗ್ಲೇ ಚಾಲೂ ಆಗಬೇಕು. ತಡ ಆದ್ರ ಜೀವಕ್ಕ ಕುತ್ತು." ಇನ್ನು ಮೇಲೆ ಸೀಮೆಎಣ್ಣೆ ಬ್ಯಾಡ, ಉಗುರಿನಿಂದ ಒಡೆಯುವುದೂ ಬ್ಯಾಡ, ಚಿಮಟಿಯಿಂದ ಚರ್ಮಕ್ಕೆ ತಾಗಿದ ಬುಡದಲ್ಲೇ ಹಿಡಿದು ನೆಟ್ಟಗೆ ಎಳೆಯಬೇಕು, ಕೈ ತೊಳೆಯಬೇಕು ಎಂದರು. ನನ್ನ ಇಷ್ಟು ವರ್ಷದ ವಿದ್ಯೆಯೆಲ್ಲ ಅಲ್ಲಿಗೆ ಮುಗಿಯಿತು.

ಔಷಧ ತಂದು ಮನೆಯಲ್ಲೇ ಕುಡಿಸಿದೆವು. ಎರಡು ದಿನ ಕಳೆಯುವುದರೊಳಗೆ ಮೈ ತಣ್ಣಗಾಯಿತು. ಗಿರಿಜಾ ಕಣ್ಣು ಬಿಟ್ಟು "ಹಸಿವು" ಎಂದಳು. ಮನೆಯವರೆಲ್ಲ ನಕ್ಕರು. ನಾನು ಎದ್ದು ಹಿತ್ತಲಿಗೆ ಹೋಗಿ, ಎಮ್ಮೆಯ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅರ್ಧ ಅಳು ಗಿರಿಜಾಳದು, ಅರ್ಧ ಶಾಂತಾಳದು. ಯಾವುದು ಎಲ್ಲಿಗೆ ಮುಗಿಯಿತೋ ನನಗೇ ತಿಳಿಯಲಿಲ್ಲ, ಎಮ್ಮೆಗೆ ಹೇಗೆ ತಿಳಿದೀತು.

ಮತ್ತೊಂದು ದಿನ, ಅರಿಷಿಣ ತರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಡಾಕ್ಟರ ಹತ್ತಿರ ಹೋದೆ. ಕೇಳುವುದು ಒಂದೇ ಮಾತು: ಅಂದು ಶಾಂತಾಳ ಅಂಗೈಯನ್ನು ನಿಮ್ಮಂಥವರು ಯಾರಾದರೂ ನೋಡಿದ್ದರೆ ಉಳಿಯುತ್ತಿದ್ದಳೇ? ಸರದಿಯಲ್ಲಿ ಕುಳಿತು ಬಾಯಿಪಾಠ ಮಾಡಿಕೊಂಡೆ.

"ಏನಜ್ಜಿ, ಮೊಮ್ಮಗಳು ಆರಾಮಾ?"

"ಆರಾಮ್ರಿ."

"ಮತ್ತ ನಿಮಗೇನು?"

ಉಳಿಯುತ್ತಿದ್ದಳು ಎಂದರೆ ನಾನು ಮನೆಗೆ ಹೇಗೆ ಹೋಗಲಿ? ಉಳಿಯುತ್ತಿರಲಿಲ್ಲ ಎಂದರೆ ನಂಬಲು ಬರುತ್ತದೆಯೇ? ಬಾಯಿ ತೆರೆದೆ. "ಮೊಣಕಾಲ್ರಿ" ಎಂದೆ.

ಅವರು ಅಲ್ಲಿ ಇಲ್ಲಿ ಒತ್ತಿ, "ಇಲ್ಲೇನು?" ಎಂದರು. "ಅಲ್ಲೂ ಹೌದ್ರಿ" ಎಂದೆ. ಕಣ್ಣಲ್ಲಿ ನೀರು ಕಂಡು, "ಭಾಳ ನೋವೈತಿ" ಎಂದು ತಾವೇ ಹೇಳಿ, ಒಂದು ಮುಲಾಮು ಬರೆದುಕೊಟ್ಟರು.

ಈಗ ದಿನಾ ಸಂಜೆ ಗಿರಿಜಾ ನನ್ನ ಗಟ್ಟಿಮುಟ್ಟಾದ ಮೊಣಕಾಲಿಗೆ ಅದನ್ನು ತಿಕ್ಕುತ್ತಾಳೆ. "ಇನ್ನಾ ನೋವೈತೇನಜ್ಜಿ?" ಎನ್ನುತ್ತಾಳೆ.

"ಐತವ್ವ" ಎನ್ನುತ್ತೇನೆ. "ಇನ್ನೊಂಚೂರು ತಿಕ್ಕು."