ಡಬ್ಬಿಯೊಳಗಿನ ಆರುನೂರು ಕೋಟಿ ಜೀವಾಣುಗಳಿಗೆ, ತೊಟ್ಟಿಯಲ್ಲಿ ಜಾಗ ಸಾಲದ ಬಗ್ಗೆ

ಪ್ರೋಬಯೋಟಿಕ್ ಪುಡಿಯಲ್ಲಿ ವಾಸವಾಗಿರುವ ಮಾನ್ಯರೇ,

ಕೈಲಾಂಚದಿಂದ ಯಶೋಧಾ ಮಾಡುವ ನಮಸ್ಕಾರಗಳು. ಗ್ರಾಂ ಒಂದಕ್ಕೆ ತಾವು ಆರುನೂರು ಕೋಟಿ ಇದ್ದೀರೆಂದು ಡಬ್ಬಿಯ ಮೇಲೆ ಅಚ್ಚಾಗಿರುವುದರಿಂದ, ಒಬ್ಬೊಬ್ಬರ ಕ್ಷೇಮವನ್ನೂ ಬೇರೆ ಬೇರೆಯಾಗಿ ವಿಚಾರಿಸಲಾಗದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ.

ನಾನು ಹದಿನೆಂಟು ವರ್ಷ ರೇಷ್ಮೆ ಹುಳು ಸಾಕಿದವಳು. ಕಳೆದ ವರ್ಷದಿಂದ ಹುಳುಮನೆಯ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ ಸಿಹಿನೀರು ಸಿಗಡಿಯ ಮರಿಗಳನ್ನು ಒಂದು ತಿಂಗಳು ಸಾಕಿ, ಹೊಂಡ ಇಟ್ಟುಕೊಂಡವರಿಗೆ ಕೊಡುತ್ತಿದ್ದೇನೆ. ಸಿಗಡಿ ಮರಿ ಬೆಳೆಯುವಾಗ ಆಗಾಗ ಚಿಪ್ಪು ಕಳಚುತ್ತದೆ, ಕಳಚಿದ ದಿನ ಅದರ ಮೈ ಮೆತ್ತಗಿರುತ್ತದೆ, ಪಕ್ಕದಲ್ಲಿರುವ ಒಡಹುಟ್ಟು ಅದನ್ನು ತಿಂದುಬಿಡುತ್ತದೆ. ಆದ್ದರಿಂದ ಮೊದಲ ಸಲ ಚದರ ಮೀಟರಿಗೆ ಸಾವಿರದಂತೆ ಇಪ್ಪತ್ತು ಸಾವಿರ ಮರಿ ಬಿಟ್ಟು, ಅವು ಅವಿತುಕೊಳ್ಳಲೆಂದು ಹಳೆಯ ಚಂದ್ರಿಕೆಗಳನ್ನು, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ನೀರಿಗಿಳಿಸಿದ್ದೆ. ಹದಿನೈದು ಸಾವಿರ ಉಳಿದವು.

ಆಮೇಲೆ ತಮ್ಮನ್ನು ಕರೆದುಕೊಂಡು ತಮ್ಮ ಕಂಪನಿಯ ಸಲಹೆಗಾರರಾದ ರುದ್ರಪ್ರಸಾದ್ ಅವರು ಬಂದರು. ತಮ್ಮನ್ನು ಮೇವಿಗೆ ಬೆರೆಸಿದರೆ ಅದೇ ತೊಟ್ಟಿಗೆ ನಲವತ್ತು ಸಾವಿರ ಬಿಡಬಹುದೆಂದರು; ಕಂಪನಿಗೆ ಕಳಿಸುವ ಫೋಟೋದಲ್ಲಿ ಕೊಳಕಾಗಿ ಕಾಣುತ್ತವೆಂದು ಚಂದ್ರಿಕೆಗಳನ್ನು ತೆಗೆಸಿದರು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. "ಜ್ವರ ಎದ್ದ ಹುಳಕ್ಕೇ ತಟ್ಟೆ ಬದಲಾಯ್ಸಿ ಜಾಗ ಮಾಡ್ಕೊಡ್ತೀವಿ ಸಾ, ಇವುಕ್ಕೆ ಬ್ಯಾಡ್ವಾ?" ಎಂದು ಕೇಳಿದೆ. "ಜಾಗದ ಚಿಂತೆ ಪುಡಿಗೆ ಬಿಡೀಮ್ಮಾ" ಎಂದರು. ಬಿಟ್ಟೆ.

ತಾವು ಮಾತಿಗೆ ತಪ್ಪಿದಿರೆಂದು ನಾನು ಎಲ್ಲಿಯೂ ಹೇಳಲಾರೆ. ಹಸಿವೆ ಹೆಚ್ಚುತ್ತದೆ, ಜೀರ್ಣಶಕ್ತಿ ಹೆಚ್ಚುತ್ತದೆ ಎಂದು ಡಬ್ಬಿಯ ಮೇಲಿತ್ತು, ಎರಡೂ ಹೆಚ್ಚಿದವು. ಮರಿಗಳು ಮೇವನ್ನೂ ತಿಂದವು, ಒಡಹುಟ್ಟಿದವರನ್ನೂ ತಿಂದವು, ಒಂದಕ್ಕೂ ಅಜೀರ್ಣವಾಗಲಿಲ್ಲ. ತಿಂಗಳ ಕೊನೆಗೆ ಬಲೆ ಎಳೆದಾಗ ಸಿಕ್ಕಿದ್ದು ಎಂಟು ಸಾವಿರ, ಒಂದೊಂದೂ ಪೈಲ್ವಾನ. ಮರಿ ಒಯ್ಯಲು ಚನ್ನಪಟ್ಟಣದಿಂದ ಗಾಡಿ ತಂದಿದ್ದ ಹೊಂಡದ ಸಾದಿಕ್, ಖಾಲಿ ಉಳಿದ ಡ್ರಮ್ಮುಗಳನ್ನು ನೋಡಿ, "ಏನಕ್ಕಾ, ನಲವತ್ತು ಸಾವ್ರ ಬುಟ್ಟಿವ್ನಿ ಅಂದ್ರಿ! ಮಿಕ್ಕಿದ್ದು ಇವುಗಳ ಹೊಟ್ಟೆ ಒಳಗೇ ಪಾರ್ಸಲ್ ಬತ್ತಾ ಐತಾ?" ಎಂದ.

ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ರುದ್ರಪ್ರಸಾದ್ ಅವರು ನಮ್ಮ ಸಿಗಡಿ ಸಾಕುವವರ ಸಂಘಕ್ಕೆ ಕೊಟ್ಟ ವರದಿಯಲ್ಲಿ, ಮರಿಗಳ ಸಾವಿಗೆ "ಸಾಕಿದವರ ಅಜಾಗರೂಕತೆ"ಯೇ ಕಾರಣವೆಂದು ಬರೆದಿದ್ದಾರೆ. ಸೋಮವಾರ ರಾಮನಗರದಲ್ಲಿ ಸಭೆ. ಈ ವರದಿಯನ್ನು ಒಪ್ಪಿದರೆ ಮರಿ ಹಂಚುವ ಪಟ್ಟಿಯಿಂದ ನನ್ನ ಹೆಸರು ಹೋಗುತ್ತದೆ. ಮುಂದೆ ನನ್ನ ತೊಟ್ಟಿ ಬಟ್ಟೆ ನೆನೆಹಾಕಲು ಮಾತ್ರ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ನಡೆದದ್ದನ್ನೆಲ್ಲ ತೊಟ್ಟಿಯೊಳಗೇ ಇದ್ದು ಕಂಡ ಸಾಕ್ಷಿಗಳು ತಾವು ಮಾತ್ರ. ದಯಮಾಡಿ ಸಭೆಗೆ ಬಂದು, ತಮಗೆ ಹೊಟ್ಟೆ ನೋಡಿಕೊಳ್ಳುವ ಕೆಲಸ ಬರುತ್ತದೆಯೇ ಹೊರತು ತೊಟ್ಟಿ ಅಗಲ ಮಾಡುವ ಕೆಲಸ ಬರುವುದಿಲ್ಲವೆಂದು ಹೇಳಿಕೆ ಕೊಟ್ಟು, ಆರುನೂರು ಕೋಟಿ ಹೆಬ್ಬೆಟ್ಟು ಒತ್ತಬೇಕು. ಅಷ್ಟು ದೂರ ಬರಲಾಗದಿದ್ದರೆ ನನ್ನ ಇಪ್ಪತ್ತು ಚದರ ಮೀಟರಿನ ತೊಟ್ಟಿಯನ್ನು ಭಾನುವಾರದೊಳಗೆ ನಲವತ್ತು ಮಾಡಿಕೊಡಿ. ಸಲಹೆಗಾರರು ಹೇಳಿದ್ದೇ ಸರಿಯಾಗುತ್ತದೆ, ನನ್ನ ಬಾಯೂ ಮುಚ್ಚುತ್ತದೆ.

ಮುಚ್ಚಳ ತೆರೆದಾಗಲೆಲ್ಲ ತಮ್ಮನ್ನು ನೆನೆಯುವ,
ತಮ್ಮ ವಿಶ್ವಾಸಿ,
ಯಶೋಧಾ
ಕೈಲಾಂಚ

ಬರೆಯಲು ಮರೆತದ್ದು: ಸೋಮವಾರದ ಸಭೆಯ ಕೊಠಡಿಯಲ್ಲಿ ಇಪ್ಪತ್ತೇ ಕುರ್ಚಿಗಳಿವೆಯಂತೆ. ನಮ್ಮೂರಿನಿಂದ ಹುಳು ಸಾಕುವ ಹೆಂಗಸರು ನಲವತ್ತು ಜನ ಬರುತ್ತಿದ್ದೇವೆ. ರುದ್ರಪ್ರಸಾದ್ ಅವರು ಗಾಬರಿಯಾಗುವುದು ಬೇಡ. ಎಲ್ಲರ ಕಾಫಿಗೂ ಒಂದೊಂದು ಚಮಚ ಪುಡಿ ಬೆರೆಸಿದರೆ ಆಯಿತು.